ಪದಚರ್ಚೆ: ಲಿಂಕ್ ಹಾಕುವಾಗ ವಿಭಕ್ತಿಯನ್ನು ಒಳಗಿಡಬೇಕೋ, ಹೊರಗಿಡಬೇಕೋ?

ಗೆಳೆಯರೇ, ನಮಸ್ಕಾರ.

ವೆಬ್ ಪುಟಗಳ ಕನ್ನಡ ತಿದ್ದುವ ಕೆಲಸ ನನ್ನದು. ಕಣ್ಣು ಕಾಣದವರಿಗೂ ಸರಿಹೋಗುವಂತೆ ಲಿಂಕ್‌ಗಳನ್ನು ಬರೆಯಲು ಹೊರಟು ಒಂದು ಕಡೆ ಸಿಕ್ಕಿಕೊಂಡಿದ್ದೇನೆ. ನಿಮ್ಮ ಅಭಿಪ್ರಾಯ ಬೇಕು.

ಸ್ಕ್ರೀನ್ ರೀಡರ್ (ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ) ಬಳಸುವವರು ಪುಟವನ್ನು ಮೇಲಿಂದ ಕೆಳಗೆ ಪೂರ್ತಿ ಕೇಳುತ್ತಾ ಕೂರಬೇಕಿಲ್ಲ. ಎನ್‌ವಿಡಿಎ, ಜಾಸ್ ಎಂಬ ಎರಡು ಸ್ಕ್ರೀನ್ ರೀಡರ್‌ಗಳಲ್ಲೂ ಇನ್ಸರ್ಟ್ ಕೀಲಿಯ ಜೊತೆ ಎಫ್7 ಒತ್ತಿದರೆ ಪುಟದ ಲಿಂಕ್‌ಗಳ ಪಟ್ಟಿ ಸಿಗುತ್ತದೆ. ಅದರಲ್ಲಿ ಇರುವುದು ಲಿಂಕ್ ಹಾಕಿದ ಪದಗಳು ಮಾತ್ರ, ಹಿಂದುಮುಂದಿನ ವಾಕ್ಯ ಇರುವುದಿಲ್ಲ. ನಾವು ಬರೆಯುವ ಪುಟದ ಪಟ್ಟಿ ಹೇಗಿರುತ್ತದೆ ಗೊತ್ತಾ? ‘ಇಲ್ಲಿ’, ‘ಇಲ್ಲಿ’, ‘ಇನ್ನಷ್ಟು ಓದಿ’, ‘ಇಲ್ಲಿ ಕ್ಲಿಕ್ ಮಾಡಿ’, ‘ಇನ್ನಷ್ಟು ಓದಿ’. ಯಾವುದು ಎಲ್ಲಿಗೆ ಹೋಗುತ್ತದೆ ಅಂತ ಹೇಗೆ ತಿಳಿಯಬೇಕು? ಮೊದಲಕ್ಷರ ಟೈಪ್ ಮಾಡಿ ಹುಡುಕೋಣ ಅಂದರೆ ಎಲ್ಲವೂ ‘ಇ’ಯಿಂದಲೇ ಶುರು.

ವೆಬ್ ಪುಟಗಳು ಎಲ್ಲರಿಗೂ ಬಳಸಲು ಬರುವಂತಿರಬೇಕು ಎಂದು ಮಾಡಿರುವ ವೆಬ್ ಕಂಟೆಂಟ್ ಆಕ್ಸೆಸಿಬಿಲಿಟಿ ಗೈಡ್‌ಲೈನ್ಸ್‌ನಲ್ಲಿ 2008ರ ಆವೃತ್ತಿಯಿಂದಲೂ ಇದಕ್ಕೆ ಎರಡು ನಿಯಮಗಳಿವೆ. 2.4.4ರ ಪ್ರಕಾರ ಲಿಂಕ್ ಎಲ್ಲಿಗೆ ಅನ್ನೋದು ಅದಿರುವ ವಾಕ್ಯದಿಂದಲೋ ಪ್ಯಾರಾದಿಂದಲೋ ತಿಳಿದರೂ ಸಾಕು. ಇದು ‘ಎ’ ಮಟ್ಟದ್ದು, ಅಂದರೆ ಕನಿಷ್ಠ ಮಟ್ಟ. 2.4.9 ಇನ್ನೂ ಬಿಗಿ, ಬರೀ ಲಿಂಕ್‌ನ ಪದಗಳಿಂದಲೇ ತಿಳಿಯಬೇಕು. ಅದು ‘ಎಎಎ’, ಎಲ್ಲಕ್ಕಿಂತ ಮೇಲಿನ ಮಟ್ಟ. ಮೇಲಿನ ಪಟ್ಟಿ ಕೇಳಿದ ಮೇಲೆ ನನಗೆ ಎರಡನೆಯದೇ ಸರಿ ಅನ್ನಿಸಿದೆ.

‘ಕ್ಲಿಕ್ ಮಾಡಿ’ ಅನ್ನೋದನ್ನು ಬಿಡೋದು ಸುಲಭ, ಎಲ್ಲರೂ ಕ್ಲಿಕ್ ಮಾಡುವುದಿಲ್ಲ. ಕೀಬೋರ್ಡ್ ಬಳಸುವವರು ಎಂಟರ್ ಒತ್ತುತ್ತಾರೆ, ಆಂಡ್ರಾಯ್ಡ್ ಫೋನಿನ ಸ್ಕ್ರೀನ್ ರೀಡರ್ ಆದ ಟಾಕ್‌ಬ್ಯಾಕ್ ಹಾಕಿಕೊಂಡವರು ಎರಡು ಸಲ ತಟ್ಟುತ್ತಾರೆ. ‘ಲಿಂಕ್’ ಅಂತಲೂ ಬರೆಯಬೇಕಿಲ್ಲ, ಸ್ಕ್ರೀನ್ ರೀಡರೇ ಹೇಳುತ್ತದೆ. ‘ವಿವರ ನೋಡಿ’ ಅಂದರೆ ಕಾಣದವರಿಗೆ ಬೇಜಾರಾದೀತು ಎಂದು ಕೆಲವರು ಅಂಜುತ್ತಾರೆ. ನನಗೆ ಆ ಅಂಜಿಕೆ ಇಲ್ಲ. ಮಾಡಿ ನೋಡು, ರುಚಿ ನೋಡು ಅನ್ನುವ ಭಾಷೆ ನಮ್ಮದು, ಅಲ್ವಾ?

ತೊಡಕು ಇರೋದು ವಿಭಕ್ತಿಯಲ್ಲಿ. ‘ಹೆಸರುಗಳ ಪಟ್ಟಿಯನ್ನು ತೆರೆಯಿರಿ’ ಎಂಬ ವಾಕ್ಯದಲ್ಲಿ ‘ಹೆಸರುಗಳ ಪಟ್ಟಿ’ಗೆ ಮಾತ್ರ ಲಿಂಕ್ ಹಾಕಿ ‘ಯನ್ನು’ ಹೊರಗೆ ಬಿಟ್ಟರು ಅನ್ನಿ. ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ಬಣ್ಣವಷ್ಟೇ ಬದಲು. ಬಾಣದ ಕೀಲಿಯಲ್ಲಿ ಒಂದೊಂದು ತುಂಡಾಗಿ ಕೇಳುವವರಿಗೆ ಮಾತ್ರ ‘ಲಿಂಕ್, ಹೆಸರುಗಳ ಪಟ್ಟಿ’ ಅಂದು ನಿಂತು, ಆಮೇಲೆ ‘ಯನ್ನು ತೆರೆಯಿರಿ’ ಅಂತ ಬರಬಹುದು. ಇನ್ನು ‘ನಿಯಮಗಳನ್ನು’ ಅಂತ ಇದ್ದರೆ ಕತ್ತರಿಸುವ ಜಾಗವೇ ಇಲ್ಲ. ‘ನಿಯಮಗಳ’ ಅಂತ ನಿಲ್ಲಿಸಿದರೆ ಅದು ಷಷ್ಠಿಯಾಗಿ ಕೂರುತ್ತದೆ.

ಹಾಗಾಗಿ ಪ್ರತ್ಯಯ ಒಳಗೇ ಇರಲಿ ಎಂದು ತೀರ್ಮಾನಿಸಿದೆ. ಆದರೆ ಪಟ್ಟಿಯಲ್ಲಿ ಬರೀ ‘ನಿಯಮಗಳನ್ನು’ ಅಂತ ಬಂದರೆ ಅರ್ಧಕ್ಕೆ ನಿಂತ ಮಾತು. ಕ್ರಿಯಾಪದವನ್ನೂ ಸೇರಿಸಿ ‘ಅರ್ಜಿಯ ನಿಯಮಗಳನ್ನು ಓದಿ’ ಅಂತ ಪೂರ್ತಿ ಲಿಂಕ್ ಮಾಡಿದರೆ ಸರಿಹೋಗುತ್ತದೆ. ಕನ್ನಡದಲ್ಲಿ ವಿಷಯ ಮೊದಲು, ಕ್ರಿಯಾಪದ ಕೊನೆಗೆ ಬರುವುದರಿಂದ ಮೊದಲಕ್ಷರದ ಹುಡುಕಾಟಕ್ಕೂ ಇದು ಅನುಕೂಲ. ‘ಇನ್ನಷ್ಟು ಓದಿ’ ಬದಲು ‘ಪರೀಕ್ಷೆಯ ಬಗ್ಗೆ ಇನ್ನಷ್ಟು’ ಅಂದರೂ ಅಷ್ಟೇ. ಲಿಂಕ್ ನೇರ ಕಡತಕ್ಕೆ ಹೋಗುವುದಾದರೆ ‘ಪಿಡಿಎಫ್, 2 ಎಂಬಿ’ ಎಂಬುದನ್ನೂ ಲಿಂಕ್‌ನ ಒಳಗೇ ಕೊನೆಯಲ್ಲಿ ಸೇರಿಸುತ್ತೇನೆ.

ಕ್ರಿಯಾಪದ ದೂರ ಇದ್ದಾಗ ಏನು ಮಾಡೋದು? ‘ಕಳೆದ ವರ್ಷದ ವರದಿಯಲ್ಲಿ ಈ ಬದಲಾವಣೆಗೆ ಮೂರು ಕಾರಣ ಕೊಟ್ಟಿದ್ದಾರೆ.’ ಇಲ್ಲಿ ವಾಕ್ಯಕ್ಕೆ ವಾಕ್ಯವನ್ನೇ ಲಿಂಕ್ ಮಾಡಿದರೆ ತುಂಬಾ ಉದ್ದ. ‘ಕಳೆದ ವರ್ಷದ ವರದಿಯಲ್ಲಿ’ ಎಂಬಷ್ಟಕ್ಕೆ ಹಾಕಿದರೆ ಎಲ್ಲಿಗೆ ಅನ್ನೋದು ತಿಳಿಯುತ್ತದೆ, ಆದರೆ ಪಟ್ಟಿಯಲ್ಲಿ ಕೊನೆಯ ‘ಅಲ್ಲಿ’ ಪ್ರತ್ಯಯ ಸುಮ್ನೆ ನೇತಾಡುತ್ತದೆ. ವಾಕ್ಯಕ್ಕೆ ಲಿಂಕೇ ಬೇಡ, ಪ್ಯಾರಾ ಮುಗಿದ ಮೇಲೆ ‘ಕಳೆದ ವರ್ಷದ ವರದಿ’ ಅಂತ ಬೇರೆ ಸಾಲು ಕೊಡೋಣ ಅನ್ನೋದು ಮೂರನೆಯ ದಾರಿ. ಓದುವವರ ಓಟಕ್ಕೆ ಅದರಿಂದ ಅಡ್ಡಿಯಿಲ್ಲ, ಆದರೆ ಇಂಥ ಲಿಂಕ್ ಜಾಸ್ತಿಯಾದರೆ ಪುಟ ಬೆಳೆಯುತ್ತದೆ.

ನನ್ನ ಒಲವು ‘ವರದಿಯಲ್ಲಿ’ ಕಡೆಗೆ. ನಿಮ್ಮಲ್ಲಿ ಸ್ಕ್ರೀನ್ ರೀಡರಿನಲ್ಲಿ ಕನ್ನಡ ಕೇಳುವವರಿದ್ದರೆ ಹೇಳಿ: ಪಟ್ಟಿಯಲ್ಲಿ ಹೀಗೆ ಸಪ್ತಮಿ, ಚತುರ್ಥಿ ಹೊತ್ತ ಲಿಂಕ್‌ಗಳು ಬಂದರೆ ಕಿವಿಗೆ ಕಿರಿಕಿರಿಯೋ, ಅಥವಾ ಅದು ಬರೀ ತಿದ್ದುವವನ ಗೊಣಗಾಟವೋ?