ಹಾಳೆ ತಟ್ಟೆಯ ಲೆಕ್ಕ

ಗುಂಪು: ಹೊಸಮನೆ ಬಳಗ

ಕಿರಣ: (ವಿಡಿಯೊ) ಅಡಿಕೆ ಹಾಳೆಯ ತಟ್ಟೆ ಮಾಡುವ ಘಟಕ. ಯಂತ್ರಕ್ಕೆ ಮೂರೂವರೆ ಲಕ್ಷ, ದಿನಕ್ಕೆ 1,000 ತಟ್ಟೆ, ತಟ್ಟೆಗೆ 2 ರೂಪಾಯಿಯಂತೆ ತಿಂಗಳಿಗೆ 60,000 ಲಾಭ. ಮಾಲನ್ನು ಯಂತ್ರ ಮಾರುವ ಕಂಪನಿಯವರೇ ಕೊಂಡು ಅಮೆರಿಕಕ್ಕೆ ಕಳುಹಿಸುತ್ತಾರಂತೆ. ಕೆಲಸ ಬಿಟ್ಟು ಊರಿಗೆ ಬರಲು ಇದಕ್ಕಿಂತ ಒಳ್ಳೆಯ ದಾರಿ ಕಾಣುತ್ತಿಲ್ಲ. ಶುಕ್ರವಾರದೊಳಗೆ ಮುಂಗಡ ಕಟ್ಟಬೇಕು.

ಸುಮತ್ತೆ: ಬಾರೋ ಬಾ. ತೋಟದ ಹಾಳೆಯೆಲ್ಲ ಗೊಬ್ಬರದ ಗುಂಡಿಗೆ ಹೋಗುತ್ತಿದೆ.

ದೊಡ್ಡಪ್ಪ: 60,000 ಬರಬೇಕಾದರೆ ಮೂವತ್ತು ದಿನವೂ ಯಂತ್ರ ಓಡಬೇಕು. ನಮ್ಮೂರಿನಲ್ಲಿ ಮೂವತ್ತು ದಿನವೂ ವಿದ್ಯುತ್ ಇದ್ದದ್ದನ್ನು ನಾನಂತೂ ಕಂಡಿಲ್ಲ.

ಕಿರಣ: ಇಪ್ಪತ್ತೈದು ದಿನ ಎಂದರೂ 50,000 ಆಯಿತಲ್ಲ ದೊಡ್ಡಪ್ಪ.

ದೊಡ್ಡಪ್ಪ: ಆ 2 ರೂಪಾಯಿ ಎಲ್ಲಿಂದ ಬಂತು? ಮಾರುವ ಬೆಲೆಯಲ್ಲಿ ಹಾಳೆಯ ಬೆಲೆಯನ್ನಷ್ಟೇ ಕಳೆದಿದ್ದಾರೆ. ಹಾಳೆ ತೊಳೆಯಲು ಒಬ್ಬರು, ಯಂತ್ರದ ಮುಂದೆ ಒಬ್ಬರು. ತಲಾ 600 ಕೂಲಿ. ತಟ್ಟೆಗೆ 1 ರೂಪಾಯಿ 20 ಪೈಸೆ ಅಲ್ಲೇ ಹೋಯಿತು. ಉಳಿದ 80 ಪೈಸೆಗೆ ತಿಂಗಳಿಗೆ 20,000. ವಿದ್ಯುತ್ ಬಿಲ್, ಸೀಳಿದ ತಟ್ಟೆ, ಸಾಲದ ಕಂತು ಎಲ್ಲವೂ ಅದರಲ್ಲೇ ಆಗಬೇಕು. ಮಳೆ ಹಿಡಿದರೆ ಹಾಳೆಗೆ ಬೂಷ್ಟು ಬರುತ್ತದೆ. ಹಾಗಾಗಿ ಮಳೆಗಾಲದ ಹಾಳೆಯನ್ನೂ ಬೇಸಿಗೆಯಲ್ಲೇ ಕೊಂಡು, ಒಣಗಿಸಿ, ಅಟ್ಟಕ್ಕೆ ಹಾಕಬೇಕು. ಆ ದುಡ್ಡು ನಿನ್ನ ಮೂರೂವರೆ ಲಕ್ಷದಲ್ಲಿ ಸೇರಿಲ್ಲ.

ಸುಮತ್ತೆ: ಅಣ್ಣ, ವೆನಿಲ್ಲಾ ಹಾಕಿದಾಗ ನೀನು ಯಾರಿಗೆ ಲೆಕ್ಕ ಕೊಟ್ಟಿದ್ದೆ? 2003ರಲ್ಲಿ ರಾತ್ರಿಯಿಡೀ ಟಾರ್ಚ್ ಹಿಡಿದು ಬಳ್ಳಿ ಕಾಯುತ್ತಿದ್ದವನು ನೀನೇ ಅಲ್ಲವೇ?

ದೊಡ್ಡಪ್ಪ: ನಾನೇ. ಬೆಲೆ ಬಿದ್ದ ಮೇಲೆ ಕಳ್ಳರೂ ಬರಲಿಲ್ಲ. ವೆನಿಲ್ಲಾ ಕೋಡು ಮಾರಿ ನನಗೆ ಬಂದದ್ದಕ್ಕಿಂತ, ನೆಡಲು ಬಳ್ಳಿ ತುಂಡು ಮಾರಿದವನಿಗೆ ನಾನು ಕೊಟ್ಟದ್ದೇ ಹೆಚ್ಚು. ಈ ಕಂಪನಿಯದೂ ತಟ್ಟೆಯ ವ್ಯಾಪಾರವಲ್ಲ, ಯಂತ್ರದ ವ್ಯಾಪಾರ.

ಸುಮತ್ತೆ: ಹಾಗೆಂದು ಊರಿಗೆ ಬರುತ್ತೇನೆನ್ನುವ ಒಬ್ಬನೇ ಹುಡುಗನನ್ನೂ ಓಡಿಸುವುದೇ?

ಕಿರಣ: ಸಬ್ಸಿಡಿಯೂ ಇದೆ. ಅಮ್ಮನ ಹೆಸರಿನಲ್ಲಿ ಪಿಎಂಇಜಿಪಿಗೆ (ಸ್ವಂತ ಉದ್ಯೋಗಕ್ಕೆ ಸಾಲ, ಸಬ್ಸಿಡಿ ಕೊಡುವ ಕೇಂದ್ರದ ಯೋಜನೆ) ಅರ್ಜಿ ಹಾಕಿದರೆ ಶೇ 35.

ರಘು ಭಾವ: ಹಳ್ಳಿಯಲ್ಲಿ ಮಹಿಳೆಯರಿಗೆ ಶೇ 35 ಇರುವುದು ನಿಜ. ಆದರೆ ಅದು ಕೈಗೆ ಬರುವ ದುಡ್ಡಲ್ಲ. ಮೂರು ವರ್ಷ ನಮ್ಮ ಬ್ಯಾಂಕಿನಲ್ಲೇ ಠೇವಣಿಯಾಗಿರುತ್ತದೆ. ಘಟಕ ನಡೆಯುತ್ತಿದೆಯೇ ಎಂದು ನೋಡಿದ ಮೇಲೆ ಸಾಲಕ್ಕೆ ಜಮಾ ಆಗುತ್ತದೆ. ಇನ್ನೊಂದು ಮಾತು. ಅಡಿಕೆ ಹಾಳೆಯ ತಟ್ಟೆ, ಬಟ್ಟಲುಗಳಲ್ಲಿ ಆಹಾರ ಬಡಿಸುವುದು ಸುರಕ್ಷಿತವಲ್ಲ ಎಂದು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರಲ್ಲೇ ಹೇಳಿದೆ. ನಿನ್ನ ಕಂಪನಿ ಯಾವ ಅಮೆರಿಕಕ್ಕೆ ಕಳುಹಿಸುತ್ತದೆಯೋ ಕೇಳು.

ಕಿರಣ: ಕೇಳಿದೆ. ಎಲ್ಲವೂ ಕರಾರಿನಲ್ಲಿದೆ ಎಂದರು.

ರಘು ಭಾವ: ಕರಾರನ್ನು ಹಾಕು.

ಕಿರಣ: (ಪಿಡಿಎಫ್)

ರಘು ಭಾವ: ಏಳನೆಯ ಷರತ್ತು ಓದಿದೆಯಾ? ಗುಣಮಟ್ಟ ಒಪ್ಪಿಗೆಯಾದರೆ ಮಾತ್ರ ಕೊಳ್ಳುತ್ತಾರೆ. ಒಪ್ಪಬೇಕಾದವರೂ ಅವರೇ. ದರವನ್ನು ಎಲ್ಲಿಯೂ ಬರೆದಿಲ್ಲ.

ದೊಡ್ಡಪ್ಪ: ಮೊದಲು ನಮ್ಮ ಸೀಮೆಯ ನಾಲ್ಕು ಅಡುಗೆ ಭಟ್ಟರನ್ನು ಕೇಳು. ಯಾವ ಅಳತೆಯ ತಟ್ಟೆ ಬೇಕು, ಮದುವೆ ಇಲ್ಲದ ತಿಂಗಳಲ್ಲಿ ಎಷ್ಟು ಬೇಕು, ದುಡ್ಡು ಎಷ್ಟು ದಿನಕ್ಕೆ ಕೊಡುತ್ತಾರೆ. ಕೆಳಗಿನ ಕೇರಿಯಲ್ಲಿ ಇಂಥದೇ ಯಂತ್ರವೊಂದು ಎರಡು ವರ್ಷದಿಂದ ಸುಮ್ಮನೆ ನಿಂತಿದೆ. ಅರ್ಧ ಬೆಲೆಗೆ ಕೊಡುತ್ತಾರೆ.

ಸುಮತ್ತೆ: ನೋಡಿದೆಯಾ ಕಿರಣ, ಬೇಡ ಬೇಡ ಎನ್ನುತ್ತಲೇ ಅಣ್ಣ ಯಂತ್ರ ಹುಡುಕಿಟ್ಟಿದ್ದಾನೆ!

ದೊಡ್ಡಪ್ಪ: ಅದು ಏಕೆ ನಿಂತಿತು ಎಂದು ಕೇಳಿಕೊಂಡು ಬರಲಿ ಎಂದೆ.

ಕಿರಣ: ಶನಿವಾರ ಬರುತ್ತೇನೆ. ಮುಂಗಡ ಸದ್ಯಕ್ಕೆ ಕಟ್ಟುವುದಿಲ್ಲ.

ಅಮ್ಮ: ಈಗಷ್ಟೇ ಮೊಬೈಲ್ ನೋಡಿದೆ. ನನ್ನ ಹೆಸರಿನಲ್ಲಿ ಎಂಥ ಸಾಲ?