ಪಿಸಿಓಎಸ್ ಇರುವಾಗ ಗರ್ಭನಿರೋಧಕದ ಆಯ್ಕೆ: ಸಹಾಯ ಬೇಕು

ನಾನು ಮೂಡಿಗೆರೆ ಕಡೆಯವಳು, ವಯಸ್ಸು 29, ಒಂದು ಮಗುವಿನ ತಾಯಿ. ಹಾರ್ಮೋನುಗಳ ಏರುಪೇರಿನಿಂದ ಅಂಡಾಶಯದ ಕೆಲಸ ಕ್ರಮ ತಪ್ಪುವ ತೊಂದರೆಯಾದ ಪಿಸಿಓಎಸ್‌ನಿಂದಾಗಿ ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುವುದರಿಂದ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಕಿಟ್ಟ ಕೆಂಪು ಗುರುತುಗಳನ್ನು ನಂಬಿ ದಿನ ಎಣಿಸುವಂತಿಲ್ಲ. ಈಸ್ಟ್ರೋಜನ್ ಇರುವ ಮಾತ್ರೆ ಮುಟ್ಟನ್ನು ಕ್ರಮಕ್ಕೆ ತಂದು ಮೊಡವೆಯನ್ನೂ ತಗ್ಗಿಸುತ್ತದೆಯಾದರೂ, ತಲೆನೋವಿಗೆ ಮೊದಲು ಕಣ್ಣೆದುರು ಅಂಕುಡೊಂಕಾದ ಬೆಳಕು ಕಾಣುವ ಮೈಗ್ರೇನ್ ನನಗಿರುವುದರಿಂದ, ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆಂದು ವೈದ್ಯರು ಅದು ಬೇಡವೆಂದಿದ್ದಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಹಾಕುವ ಕಾಪರ್-ಟಿ 380ಎ 10 ವರ್ಷ ರಕ್ಷಣೆ ಕೊಡುತ್ತದೆ; ಆದರೆ ಮುಟ್ಟು ತಡವಾದಾಗ ದಪ್ಪಗಾಗುವ ಗರ್ಭಕೋಶದ ಒಳಪದರವನ್ನು ಅದು ತೆಳುಗೊಳಿಸುವುದಿಲ್ಲ. ಹಾರ್ಮೋನ್ ಐಯುಡಿ (ಕಾಪರ್-ಟಿಯಂತೆ ಗರ್ಭಕೋಶದೊಳಗೆ ಇಡುವ, ಹಾರ್ಮೋನ್ ಬಿಡುವ ಸಾಧನ) ಆ ಕೆಲಸವನ್ನೂ ಮಾಡುವುದರಿಂದ ನನ್ನ ಮನಸ್ಸು ಅದರತ್ತ ವಾಲಿದೆ. ಪಿಸಿಓಎಸ್ ಇದ್ದು ಅದನ್ನು ಹಾಕಿಸಿಕೊಂಡವರು ಮೊದಲ ತಿಂಗಳುಗಳ ರಕ್ತಸ್ರಾವ ಹೇಗಿತ್ತೆಂಬುದನ್ನೂ, ಚಿಕ್ಕಮಗಳೂರು ಅಥವಾ ಹಾಸನದಲ್ಲಿ ತಾಳ್ಮೆಯಿಂದ ಮಾತು ಕೇಳುವ ಸ್ತ್ರೀರೋಗ ತಜ್ಞೆಯರಿದ್ದರೆ ಅದನ್ನೂ ದಯವಿಟ್ಟು ತಿಳಿಸಿ.