ಹ್ಯಾಲೋವೀನ್ ಪಾಟ್‌ಲಕ್‌ಗೆ ಡಿಪ್ ಮಾಡಬೇಕು, ಮಾಡಿದವರು ಹೇಳಿ

ಡಲ್ಲಾಸ್ ಹತ್ತಿರದಿಂದ, ಕೇಳುತ್ತಿರುವವರು

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ 31ಕ್ಕೆ ನಮ್ಮ ಬೀದಿಯವರದು ಹ್ಯಾಲೋವೀನ್ ಪಾಟ್‌ಲಕ್, ಅಂದರೆ ಒಬ್ಬೊಬ್ಬರೂ ಒಂದೊಂದು ತಿನಿಸು ಮಾಡಿ ತರುವ ಕೂಟ. ಮಕ್ಕಳು ಕ್ಯಾಂಡಿ ಕೇಳಲು ಮನೆ ಮನೆಗೆ ಹೊರಡುವ ಮುಂಚೆ ಎಲ್ಲರೂ ಒಬ್ಬರ ಗ್ಯಾರೇಜಿನಲ್ಲಿ ಸೇರಿ ತಿನ್ನುತ್ತಾರೆ. ನನ್ನ ಪಾಲಿಗೆ ಡಿಪ್, ಅಂದರೆ ಚಿಪ್ಸ್ ಅದ್ದಿಕೊಂಡು ತಿನ್ನುವಂಥದ್ದು, ಬಂದಿದೆ. ದೊಡ್ಡವರು, ಮಕ್ಕಳು ಸೇರಿ ಇಪ್ಪತ್ತೈದು ಜನ. ನಾವು ಸಸ್ಯಾಹಾರಿಗಳು. ಒಂದು ಮಗುವಿಗೆ ಕಡಲೆಕಾಯಿ ಅಲರ್ಜಿ ಅಂತ ಮೊದಲೇ ತಿಳಿಸಿದ್ದಾರೆ. ನಾನು ಆಫೀಸಿನಿಂದ ಬರುವುದು ಐದೂವರೆಗೆ, ಪಾರ್ಟಿ ಆರಕ್ಕೆ. ಹಾಗಾಗಿ ಮುಕ್ಕಾಲು ಕೆಲಸ ಹಿಂದಿನ ರಾತ್ರಿಯೇ ಮುಗಿಯಬೇಕು. ನೋಡಿದ ಕೂಡಲೇ ಹ್ಯಾಲೋವೀನ್ ಅನ್ನಿಸಬೇಕು, ತಿನ್ನೋಕೂ ಚೆನ್ನಾಗಿರಬೇಕು. ನೀವು ಮಾಡಿದ್ದರಲ್ಲಿ ಯಾವುದು ಖಾಲಿಯಾಯಿತು, ಯಾವುದು ಹಾಗೇ ಉಳಿಯಿತು?

ಎಡಿಸನ್, ನ್ಯೂಜೆರ್ಸಿ

ಸೆವೆನ್ ಲೇಯರ್ ಡಿಪ್ ಮಾಡಿ, ಮೇಲೆ ಜೇಡರಬಲೆ ಬಿಡಿಸಿ. ಬೇರೆ ಯೋಚನೆಯೇ ಬೇಡ. ನೀವು ಟೆಕ್ಸಸ್‌ನಲ್ಲೇ ಇದ್ದೀರಿ, ಅಲ್ಲಿ ಈ ಡಿಪ್ ಯಾರಿಗೂ ಹೊಸದಲ್ಲ. ಹೊಸದಲ್ಲ ಅನ್ನುವುದೇ ಒಳ್ಳೆಯದು. ನೋಡೋಕೆ ಭಯ ಹುಟ್ಟಿಸುವ ತಿಂಡಿಯ ರುಚಿಯಾದರೂ ಗೊತ್ತಿರುವುದಾಗಿದ್ದರೆ ಜನ ಧೈರ್ಯವಾಗಿ ಕೈ ಹಾಕುತ್ತಾರೆ.

ಬೀನ್ಸ್, ಟೊಮೆಟೊ, ಚೀಸ್, ಆವಕಾಡೊ (ಬೆಣ್ಣೆಹಣ್ಣು), ಸೋರ್ ಕ್ರೀಮ್ (ಹುಳಿ ಬರಿಸಿದ ಗಟ್ಟಿ ಕೆನೆ), ಕಪ್ಪು ಆಲಿವ್, ಈರುಳ್ಳಿ ಸೊಪ್ಪು. ಇವಿಷ್ಟೇ ಏಳು ಪದರ. ದೊಡ್ಡ ಆಯತದ ಪಾತ್ರೆ ಬೇಡ, ಬಲೆ ಚೆನ್ನಾಗಿ ಕಾಣುವುದು ದುಂಡಗಿನ ಪಾತ್ರೆಯಲ್ಲೇ. 9 ಇಂಚಿನ, ಸ್ವಲ್ಪ ಆಳ ಇರುವ ಗಾಜಿನ ಪೈ ಡಿಶ್ ಎರಡು ತಗೊಳ್ಳಿ. ಗಾಜಾದರೆ ಪಕ್ಕದಿಂದ ಪದರಗಳೂ ಕಾಣುತ್ತವೆ. ಎರಡಕ್ಕೂ ಸೇರಿ 16 ಔನ್ಸಿನ ರೀಫ್ರೈಡ್ ಬೀನ್ಸ್ (ಬೇಯಿಸಿ ಮಸೆದು ಹುರಿದ ಬೀನ್ಸ್) ಡಬ್ಬಿ ಎರಡು, ಹಣ್ಣಾದ ಆವಕಾಡೊ ಐದು, ಸೋರ್ ಕ್ರೀಮ್ 24 ಔನ್ಸ್, ತುರಿದ ಚೀಸ್ ಎರಡು ಕಪ್, ಟೊಮೆಟೊ ನಾಲ್ಕು ಸಾಕು.

ಬೀನ್ಸನ್ನು ಡಬ್ಬಿಯಿಂದ ತೆಗೆದು ಹಾಗೇ ಹರಡಬೇಡಿ, ಅದು ಮುದ್ದೆಯಾಗಿ ಕೂತಿರುತ್ತದೆ, ಅದಕ್ಕೆ ಚಿಪ್ಸ್ ಮುರಿಯುತ್ತದೆ. ಸ್ವಲ್ಪ ನೀರು, ಜೀರಿಗೆ ಪುಡಿ, ಅಚ್ಚ ಖಾರದ ಪುಡಿ ಹಾಕಿ ಬಿಸಿ ಮಾಡಿ ಸಡಿಲ ಮಾಡಿ. ಪೂರ್ತಿ ಆರಿದ ಮೇಲೆ ಹರಡಿ. ಟೊಮೆಟೊ ಬೀಜ ತೆಗೆದು ಹೆಚ್ಚಿ, ಉಪ್ಪು ಹಾಕಿ ಜರಡಿಯಲ್ಲಿ ಹತ್ತು ನಿಮಿಷ ಬಿಡಿ. ಈ ಒಂದು ಕೆಲಸ ತಪ್ಪಿಸಿದರೆ ಮಾರನೇ ದಿನ ತಳದಲ್ಲಿ ನೀರು ನಿಂತಿರುತ್ತದೆ. ಅದರ ಮೇಲೆ ಚೀಸ್, ಬಲೆಗೆ ಬೇಕಾದಷ್ಟು ಎತ್ತಿಟ್ಟು ಮಿಕ್ಕ ಸೋರ್ ಕ್ರೀಮ್, ಅದರ ಮೇಲೆ ಆವಕಾಡೊ.

ಇನ್ನು ಬಲೆ. ಅರ್ಧ ಕಪ್ ಸೋರ್ ಕ್ರೀಮ್‌ಗೆ ಒಂದು ಟೀ ಚಮಚ ಹಾಲು ಹಾಕಿ ಕಲಸಿ ಜಿಪ್‌ಲಾಕ್ ಚೀಲಕ್ಕೆ ತುಂಬಿ. ಚೀಲದ ಮೂಲೆಯನ್ನು ಅಕ್ಕಿಕಾಳಿನಷ್ಟು ಮಾತ್ರ ಕತ್ತರಿಸಿ. ಹಸಿರು ಆವಕಾಡೊ ಮೇಲೆ ನಡುವಿನಲ್ಲಿ ಒಂದು ಚುಕ್ಕಿ, ಅದರ ಸುತ್ತ ಒಂದರ ಹೊರಗೆ ಒಂದು ನಾಲ್ಕೈದು ವೃತ್ತ ಬಿಡಿಸಿ. ಆಮೇಲೆ ಟೂತ್‌ಪಿಕ್ ತಗೊಂಡು ನಡುವಿನಿಂದ ಅಂಚಿನ ಕಡೆಗೆ ಎಂಟು ಗೆರೆ ಎಳೆಯಿರಿ. ಪ್ರತಿ ಗೆರೆಗೂ ಟೂತ್‌ಪಿಕ್ ಒರೆಸಿಕೊಳ್ಳಿ. ಟೂತ್‌ಪಿಕ್ ಹಾದ ಕಡೆ ಪ್ರತಿ ವೃತ್ತವೂ ಸಣ್ಣಗೆ ಚೂಪಾಗಿ ಹೊರಗೆ ಎಳೆದುಕೊಂಡು ಬರುತ್ತದೆ, ನೋಡ್ತಾ ನೋಡ್ತಾ ಬಲೆ ಆಗಿಬಿಡುತ್ತದೆ. ರಂಗೋಲಿ ಕೈ ಇದ್ದವರಿಗೆ ಇದು ಎರಡು ನಿಮಿಷದ ಕೆಲಸ.

ಜೇಡಕ್ಕೆ ಬೀಜ ತೆಗೆದ ಕಪ್ಪು ಆಲಿವ್. ಉದ್ದಕ್ಕೆ ಸೀಳಿದ ಅರ್ಧ ಹೋಳು ಮೈ, ಸಣ್ಣ ಚೂರು ತಲೆ, ಇನ್ನೊಂದು ಅರ್ಧವನ್ನು ತೆಳ್ಳಗೆ ಸೀಳಿದರೆ ಕಾಲು. ಒಂದು ಕಡೆಗೆ ನಾಲ್ಕು, ಇನ್ನೊಂದು ಕಡೆಗೆ ನಾಲ್ಕು. ಆರು ಕಾಲು ಇಟ್ಟರೆ ಯಾವುದಾದರೂ ಮಗು ಬಂದು ಎಣಿಸಿ ಹೇಳಿಯೇ ಹೇಳುತ್ತದೆ!

ಸ್ಯಾನ್ ಹೊಸೆ, ಕ್ಯಾಲಿಫೋರ್ನಿಯಾ

ಎಡಿಸನ್‌ನವರು ಹೇಳಿದ್ದು ಸರಿ, ಆದರೆ ಇವರು ಹಿಂದಿನ ರಾತ್ರಿ ಮಾಡಿಡಬೇಕು ಅಂತಿದ್ದಾರಲ್ಲ. ಆವಕಾಡೊ ಮೇಲಿನ ಪದರ ಆಗಿದ್ದರೆ ಬೆಳಗ್ಗೆ ಹೊತ್ತಿಗೆ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಹಣ್ಣಿನಲ್ಲಿರುವ ಒಂದು ಕಿಣ್ವಕ್ಕೆ ಗಾಳಿ ತಾಗಿದಾಗ ಆಗುವುದು ಅದು, ಹೆಚ್ಚಿಟ್ಟ ಬದನೆಕಾಯಿಯೂ ಅದೇ ಕಾರಣಕ್ಕೆ ಕಪ್ಪಾಗುವುದು. ನಿಂಬೆರಸ ಹಾಕಿದರೆ ನಿಧಾನ ಆಗುತ್ತದೆ, ನಿಲ್ಲುವುದಿಲ್ಲ. ಆವಕಾಡೊ ಬೀಜ ಒಳಗಿಟ್ಟರೆ ಕಪ್ಪಾಗಲ್ಲ ಅಂತಾರೆ, ಬೀಜ ಮುಚ್ಚಿದಷ್ಟು ಜಾಗಕ್ಕೆ ಗಾಳಿ ತಾಗುವುದಿಲ್ಲ, ಅಷ್ಟೇ ಅದರ ಮಹಿಮೆ.

ನಾನು ಮಾಡುವುದು ಉಲ್ಟಾ. ಆವಕಾಡೊ ಮೇಲೆ ಸೋರ್ ಕ್ರೀಮನ್ನು ಅಂಚಿನವರೆಗೂ ದಪ್ಪಗೆ ಹರಡಿ ಮುಚ್ಚಿಬಿಡುತ್ತೇನೆ. ಒಳಗೆ ಗಾಳಿ ಹೋಗಲು ದಾರಿಯೇ ಇಲ್ಲ. ಮೇಲೆ ಬಿಳಿ ನೆಲ ಸಿಕ್ಕಿತಲ್ಲ, ಅದರ ಮೇಲೆ ಕಪ್ಪು ಬಲೆ. ಡಬ್ಬಿಯ ಬ್ಲ್ಯಾಕ್ ಬೀನ್ಸ್ ಅರ್ಧ ಕಪ್ ನುಣ್ಣಗೆ ರುಬ್ಬಿ, ಸೋಸಿ, ಅದೇ ಜಿಪ್‌ಲಾಕ್ ಉಪಾಯ ಮಾಡಿ. ಮಸಿಯಷ್ಟು ಕಪ್ಪಾಗುವುದಿಲ್ಲ, ಆದರೆ ಬಿಳಿ ಮೇಲೆ ಸಾಕಷ್ಟು ಎದ್ದು ಕಾಣುತ್ತದೆ. ನನ್ನ ಕಣ್ಣಿಗೆ ಹಸಿರು ನೆಲಕ್ಕಿಂತ ಇದೇ ಜಾಸ್ತಿ ಭೂತದ ಕಳೆ.

ರಾತ್ರಿ ಬಿಳಿ ಪದರದವರೆಗೂ ಮುಗಿಸಿ, ಪ್ಲಾಸ್ಟಿಕ್ ಹೊದಿಸಿ ಫ್ರಿಜ್ಜಿಗೆ ಇಡಿ. ಸಂಜೆ ಮೇಲೆ ಒಸರಿದ ನೀರನ್ನು ಪೇಪರ್ ಟವೆಲ್‌ನಲ್ಲಿ ಒತ್ತಿ ತೆಗೆದು ಬಲೆ, ಜೇಡ, ಅಂಚಿಗೆ ಆಲಿವ್ ಚೂರು ಮತ್ತು ಈರುಳ್ಳಿ ಸೊಪ್ಪು. ಐದೂವರೆಗೆ ಬಂದರೂ ಆರಾಮಾಗಿ ಆಗುತ್ತದೆ.

ಶಿಕಾಗೊ ಕಡೆಯವರು

ಸಸ್ಯಾಹಾರಿಗಳು ಅಂದಿರಿ, ಅದಕ್ಕೆ ಒಂದು ಮಾತು. ರೀಫ್ರೈಡ್ ಬೀನ್ಸ್ ಡಬ್ಬಿ ಸುಮ್ನೆ ಎತ್ತಿಕೊಂಡು ಬರಬೇಡಿ. ‘ಟ್ರೆಡಿಷನಲ್’ ಅಂತ ಬರೆದ ಡಬ್ಬಿಯಲ್ಲಿ ಸಾಮಾನ್ಯವಾಗಿ ಲಾರ್ಡ್, ಅಂದರೆ ಹಂದಿ ಕೊಬ್ಬು ಇರುತ್ತದೆ. ‘ವೆಜಿಟೇರಿಯನ್’ ಅಂತ ಬರೆದದ್ದು ಅದರ ಪಕ್ಕದಲ್ಲೇ ಇರುತ್ತದೆ, ನೋಡಲು ಎರಡೂ ಒಂದೇ ಥರ. ಕೆಲವು ಸೋರ್ ಕ್ರೀಮ್‌ಗಳಿಗೆ ಜೆಲಟಿನ್, ಅಂದರೆ ಪ್ರಾಣಿಗಳ ಚರ್ಮ ಮೂಳೆಯಿಂದ ತೆಗೆದದ್ದು, ಸೇರಿಸುತ್ತಾರೆ. ಡೇಸಿ ಬ್ರ್ಯಾಂಡಿನಂಥದ್ದರಲ್ಲಿ ಕಲ್ಚರ್ಡ್ ಕ್ರೀಮ್ (ಹೆಪ್ಪು ಹಾಕಿದ ಕೆನೆ) ಬಿಟ್ಟು ಬೇರೇನೂ ಇಲ್ಲ. ಚೀಸ್‌ನಲ್ಲಿ ‘ಎನ್‌ಜೈಮ್ಸ್’ ಅಂತ ಮಾತ್ರ ಇದ್ದರೆ ಅದು ಹಾಲು ಒಡೆಸಲು ಹಾಕುವ, ಕರುವಿನ ಹೊಟ್ಟೆಯ ರೆನೆಟ್ಟೋ ಅಲ್ಲವೋ ತಿಳಿಯುವುದಿಲ್ಲ, ‘ಮೈಕ್ರೋಬಿಯಲ್’ ಅಥವಾ ‘ವೆಜಿಟೇರಿಯನ್’ ಅಂತ ಇದ್ದರೆ ಚಿಂತೆ ಇಲ್ಲ. ಹುಳ ಹರಿದಾಡಿದ ಹಾಗೆ ಕಾಣಲಿ ಅಂತ ಗಮ್ಮಿ ವರ್ಮ್ ಸಿಕ್ಕಿಸುತ್ತಾರಲ್ಲ, ಅದೂ ಬಹುಪಾಲು ಜೆಲಟಿನ್ನೇ. ಬೀನ್ಸ್ ಜೊತೆ ಅದರ ಸಿಹಿ ಬೇರೆ, ದಯವಿಟ್ಟು ಬೇಡ.

ಡಬ್ಬಿಯ ತಂಟೆಯೇ ಬೇಡ ಅಂದರೆ ಪಿಂಟೊ ಬೀನ್ಸ್ ಇಲ್ಲವೇ ರಾಜ್ಮಾ ನೆನೆಸಿ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ, ಬೆಳ್ಳುಳ್ಳಿ ಜೀರಿಗೆ ಒಗ್ಗರಣೆಯಲ್ಲಿ ಮಸೆದು ಹುರಿಯಿರಿ. ರುಚಿ ಡಬ್ಬಿಯದಕ್ಕಿಂತ ಎಷ್ಟೋ ಮೇಲು.

ಸಿಯಾಟಲ್ ಕಡೆಯವರು

ಅಲರ್ಜಿ ವಿಷಯ. ಕಡಲೆಕಾಯಿ ಒಂದೇನಾ ಅಂತ ಆ ಮಗುವಿನ ತಾಯಿಯನ್ನು ಇನ್ನೊಮ್ಮೆ ಕೇಳಿಬಿಡಿ. ಹಮ್ಮಸ್ (ಕಾಬೂಲ್ ಕಡಲೆಯ ಡಿಪ್) ಮಾಡಿ ಅಂತ ಇಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ, ಅದರಲ್ಲಿ ತಹಿನಿ, ಅಂದರೆ ಎಳ್ಳು ಇರುತ್ತದೆ. ಅಮೆರಿಕದಲ್ಲಿ 2023ರ ಜನವರಿಯಿಂದ ಎಳ್ಳನ್ನೂ ಮುಖ್ಯ ಅಲರ್ಜಿ ಪದಾರ್ಥಗಳ ಪಟ್ಟಿಗೆ ಸೇರಿಸಿ, ಪೊಟ್ಟಣದ ಮೇಲೆ ಬರೆಯುವುದು ಕಡ್ಡಾಯ ಮಾಡಿದ್ದಾರೆ. ಮನೆಯಲ್ಲಿ ಮಾಡಿದ್ದಕ್ಕೆ ಪೊಟ್ಟಣ ಇರುವುದಿಲ್ಲವಲ್ಲ, ಹಾಗಾಗಿ ಪಾತ್ರೆ ಮುಂದೆ ಒಂದು ಚೀಟಿಯಲ್ಲಿ ಏನೇನು ಹಾಕಿದ್ದೀರಿ ಅಂತ ಬರೆದಿಡಿ. ಕೆಲವು ಮನೆ ಬಾಗಿಲಲ್ಲಿ ನೀಲಿ ಹಸಿರು ಬಣ್ಣದ ಕುಂಬಳಕಾಯಿ ನೋಡಿರಬಹುದು. ಇಲ್ಲಿ ತಿಂಡಿ ಅಲ್ಲದ ಉಡುಗೊರೆಯೂ ಸಿಗುತ್ತದೆ ಅನ್ನುವ ಗುರುತು ಅದು. ಆಹಾರ ಅಲರ್ಜಿಯವರ ಸಂಸ್ಥೆ ಫೇರ್ 2014ರಲ್ಲಿ ಅದನ್ನು ದೇಶದಾದ್ಯಂತ ಶುರು ಮಾಡಿತು.

ಇನ್ನೊಂದು. ಕಪ್ಪು ಬಣ್ಣಕ್ಕೆ ಆಕ್ಟಿವೇಟೆಡ್ ಚಾರ್ಕೋಲ್ (ಒಂದು ಬಗೆಯ ಇದ್ದಿಲ ಪುಡಿ) ಹಾಕಿ ಅಂತ ವಿಡಿಯೊಗಳಲ್ಲಿ ಹೇಳುತ್ತಾರೆ. ಅದು ಹೊಟ್ಟೆಯಲ್ಲಿ ಮಾತ್ರೆ ಔಷಧಿಯನ್ನೂ ಹೀರಿಕೊಂಡುಬಿಡುತ್ತದೆ. ಪಾರ್ಟಿಯಲ್ಲಿ ಯಾರು ಏನು ಮಾತ್ರೆ ತಗೊಳ್ಳುತ್ತಾರೆ ಅಂತ ನಮಗೇನು ಗೊತ್ತು? ಕಪ್ಪಿಗೆ ಬೀನ್ಸ್, ಆಲಿವ್ ಸಾಕು.

ರಾಲಿ, ನಾರ್ತ್ ಕೆರೊಲಿನಾ

ನಮ್ಮ ಮನೆಯಿಂದ ಹೋಗುವುದು ಬೀಟ್‌ರೂಟ್ ಮೊಸರು ಬಜ್ಜಿ! ಹೆಸರು ಮಾತ್ರ ‘ವ್ಯಾಂಪೈರ್ ಡಿಪ್’. ಬೀಟ್‌ರೂಟನ್ನು ಸಿಪ್ಪೆ ಸಮೇತ ಬೇಯಿಸಿ, ಆಮೇಲೆ ಸುಲಿದು ರುಬ್ಬಿ. ಹೆಚ್ಚಿ ಬೇಯಿಸಿದರೆ ಕೆಂಪೆಲ್ಲ ನೀರಿಗೆ ಹೋಗುತ್ತದೆ. ನೀರು ಬಸಿದ ಗಟ್ಟಿ ಮೊಸರಿಗೆ ಅದನ್ನು ಸೇರಿಸಿ, ಉಪ್ಪು, ನಿಂಬೆರಸ, ಹುರಿದ ಜೀರಿಗೆ ಪುಡಿ ಹಾಕಿ. ಮೊಸರು ಜಾಸ್ತಿಯಾದರೆ ಗುಲಾಬಿ ಬಣ್ಣ ಬಂದು ಹುಟ್ಟುಹಬ್ಬದ ಕೇಕಿನ ಥರ ಕಾಣುತ್ತದೆ, ಭಯ ಹೋಯಿತು. ಬೀಟ್‌ರೂಟೇ ಮುಂದಿರಲಿ. ಕೊನೆಗೆ ಸಾಸಿವೆ ಒಗ್ಗರಣೆ. ಕೆಂಪು ಮೇಲೆ ಆ ಕಪ್ಪು ಕಾಳು ಚೆಲ್ಲಿದ್ದನ್ನು ನೋಡಿ ಮಕ್ಕಳು ಇದೇನು ಇರುವೆಯಾ ಅಂತ ಕೇಳುತ್ತಾರೆ, ಹೌದು ಅನ್ನಿ.

ಬಿಳಿ ದೆವ್ವದ ವೇಷ ಹಾಕಿದ ಮಕ್ಕಳಿಂದ ಮಾತ್ರ ದೂರ ಇಡಿ. ಬೀಟ್‌ರೂಟ್ ಕಲೆ ಬಿಡುವುದಿಲ್ಲ.

ಹಾಗೇ, ಟಾರ್ಟಿಲ್ಲಾ ಅನ್ನುವ ತೆಳ್ಳನೆ ರೊಟ್ಟಿಯನ್ನು ಗೋರಿಕಲ್ಲಿನ ಆಕಾರಕ್ಕೆ ಕತ್ತರಿಸಿ, ಗರಿಗರಿ ಬೇಯಿಸಿ, ತಿನ್ನುವ ಬಣ್ಣದ ಪೆನ್ನಿನಲ್ಲಿ ‘ಆರ್‌ಐಪಿ’ ಅಂತ ಬರೆದು ಡಿಪ್ಪಿನಲ್ಲಿ ನಿಲ್ಲಿಸುತ್ತಾರಲ್ಲ, ನಾನು ಒಂದರ ಮೇಲೆ ಕನ್ನಡದಲ್ಲಿ ‘ನಾಳೆ ಬಾ’ ಅಂತ ಬರೆಯುತ್ತೇನೆ. ತೊಂಬತ್ತರ ದಶಕದಲ್ಲಿ ಬೆಂಗಳೂರು ಕಡೆ ದೆವ್ವ ಬಂದು ಬಾಗಿಲು ಬಡಿಯುತ್ತೆ ಅಂತ ಮನೆ ಮನೆ ಬಾಗಿಲ ಮೇಲೆ ಬರೆದಿದ್ದರಲ್ಲ, ಅದೇ. ಆ ಕಥೆ ಹೇಳಿದರೆ ಅಮೆರಿಕನ್ ಮಕ್ಕಳು ಕ್ಯಾಂಡಿ ಮರೆತು ಕೂತು ಕೇಳುತ್ತಾರೆ.

ಎಡಿಸನ್, ನ್ಯೂಜೆರ್ಸಿ

‘ನಾಳೆ ಬಾ’ ಕದ್ದೆ! ಈ ಸಲ ನಮ್ಮ ಡಿಪ್ಪಿನಲ್ಲೂ ಅದೇ.

ಬೆಂಗಳೂರು, ವೈಟ್‌ಫೀಲ್ಡ್

ಇಲ್ಲಿ ಅಪಾರ್ಟ್‌ಮೆಂಟಿನಲ್ಲೂ ಈಗ ಹ್ಯಾಲೋವೀನ್ ಜೋರು. 2024ರಲ್ಲಂತೂ ಅಕ್ಟೋಬರ್ 31ಕ್ಕೇ ನರಕ ಚತುರ್ದಶಿ, ಬೆಳಗ್ಗೆ ಎಣ್ಣೆಸ್ನಾನ, ಸಂಜೆ ದೆವ್ವದ ವೇಷ, ಮಾರನೇ ದಿನ ರಾಜ್ಯೋತ್ಸವದ ಬಾವುಟ! ಇಲ್ಲಿ ಓದುತ್ತಿರುವವರಿಗೆ ಹೇಳುವುದಿಷ್ಟು: ಸೋರ್ ಕ್ರೀಮ್ ಹುಡುಕಿಕೊಂಡು ಹೋಗಬೇಡಿ, ಬಟ್ಟೆಯಲ್ಲಿ ಕಟ್ಟಿ ನೇತುಹಾಕಿದ ಮೊಸರಿಗೆ ಒಂದೆರಡು ಚಮಚ ಕೆನೆ ಕಲಸಿದರೆ ಅದೇ ಕೆಲಸ ಆಗುತ್ತದೆ. ಕೊಡಗಿನ ಬೆಣ್ಣೆಹಣ್ಣು ಗಾತ್ರದಲ್ಲಿ ದೊಡ್ಡದು, ಆದರೆ ಅಮೆರಿಕದಲ್ಲಿ ಸಿಗುವ ಹಾಸ್ ಹಣ್ಣಿಗಿಂತ ನೀರು ಜಾಸ್ತಿ, ಕೊಬ್ಬು ಕಡಿಮೆ. ಹಾಗಾಗಿ ಮಿಕ್ಸಿಗೆ ಹಾಕದೆ ಫೋರ್ಕಿನಲ್ಲಿ ಒರಟಾಗಿ ಮಸೆಯಿರಿ.

ಅಟ್ಲಾಂಟಾ ಕಡೆಯವರು

ಸಿಹಿ ಬೇಕಾದರೆ ಕುಂಬಳಕಾಯಿ ಡಿಪ್ ಇದೆ. 8 ಔನ್ಸ್ ಕ್ರೀಮ್ ಚೀಸ್, 15 ಔನ್ಸಿನ ಕುಂಬಳಕಾಯಿ ಪ್ಯೂರೇ ಡಬ್ಬಿ, ಒಂದರಿಂದ ಒಂದೂವರೆ ಕಪ್ ಪುಡಿ ಸಕ್ಕರೆ, ಚಕ್ಕೆ ಪುಡಿ, ಒಣಶುಂಠಿ, ಚಿಟಿಕೆ ಜಾಯಿಕಾಯಿ. ಸೇಬಿನ ಹೋಳು, ಜಿಂಜರ್ ಸ್ನ್ಯಾಪ್ (ಶುಂಠಿ ಬಿಸ್ಕತ್ತು) ಜೊತೆ ಇಡಿ. ಡಬ್ಬಿ ತರುವಾಗ ‘ಪೈ ಫಿಲ್ಲಿಂಗ್’ ತರಬೇಡಿ, ಅದರಲ್ಲಿ ಆಗಲೇ ಸಕ್ಕರೆ ಮಸಾಲೆ ಇರುತ್ತದೆ.

ನಿಜವಾದ ಕುಂಬಳಕಾಯಿಯನ್ನೇ ಪಾತ್ರೆ ಮಾಡುವ ಆಸೆ ಇದ್ದರೆ ಒಳಗೆ ಒಂದು ಗಾಜಿನ ಬಟ್ಟಲು ಕೂರಿಸಿ, ಕುಂಬಳ ನೀರು ಬಿಡುತ್ತದೆ. ಬಾಯಿ ಕೆತ್ತಿ ಅದರಿಂದ ಆವಕಾಡೊ ಡಿಪ್ ವಾಂತಿ ಮಾಡಿಕೊಂಡ ಹಾಗೆ ಸುರಿಯುವುದು ಇಲ್ಲಿ ಬಹಳ ಜನಪ್ರಿಯ. ಹುಡುಗರಿಗೆ ಖುಷಿಯೋ ಖುಷಿ. ನನಗಂತೂ ಆ ಪಾತ್ರೆಯಿಂದ ತಿನ್ನಲು ಮನಸ್ಸು ಬಂದಿಲ್ಲ. ಹೊಗೆ ಬರಲಿ ಅಂತ ಡ್ರೈ ಐಸನ್ನು ಡಿಪ್ ಒಳಗೆ ಹಾಕಲೇಬೇಡಿ. ಅದು ಮೈನಸ್ 78 ಡಿಗ್ರಿ ಸೆಲ್ಸಿಯಸ್, ಚೂರು ಬಾಯಿಗೆ ಹೋದರೆ ಸುಟ್ಟ ಹಾಗೆ ಗಾಯ ಆಗುತ್ತದೆ.

ರಾಲಿ, ನಾರ್ತ್ ಕೆರೊಲಿನಾ

ಒಂದು ಮರೆತೆ. ಎಂಜಲು! ಚಿಪ್ಸ್ ಅರ್ಧ ಕಚ್ಚಿ ಉಳಿದರ್ಧವನ್ನು ಮತ್ತೆ ಅದ್ದುವವರು ಎಲ್ಲ ಪಾರ್ಟಿಯಲ್ಲೂ ಇರುತ್ತಾರೆ. ಮಕ್ಕಳಂತೂ ಕೇಳಲೇಬೇಡಿ. ನಮ್ಮ ಅತ್ತೆ ಇಲ್ಲಿಗೆ ಬಂದಿದ್ದಾಗ ಅದನ್ನು ನೋಡಿ ಡಿಪ್ ಕಡೆ ತಿರುಗಿಯೂ ನೋಡಲಿಲ್ಲ. ಅವತ್ತಿನಿಂದ ಸ್ವಲ್ಪವನ್ನು ಸಣ್ಣ ಪಾರದರ್ಶಕ ಲೋಟಗಳಲ್ಲಿ ಪದರ ಪದರವಾಗಿ ಹಾಕಿಡುತ್ತೇನೆ, ಒಬ್ಬರಿಗೆ ಒಂದು. ಅದರ ಮೇಲೆ ಬಲೆ ಬಿಡಿಸಲು ಜಾಗ ಸಾಲದು, ಒಂದೊಂದು ಆಲಿವ್ ಜೇಡ ಕೂರಿಸಿದರೆ ಸಾಕು.

ಡಲ್ಲಾಸ್ ಹತ್ತಿರದಿಂದ, ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸ್ಯಾನ್ ಹೊಸೆಯವರ ಬಿಳಿ ನೆಲ, ಕಪ್ಪು ಬಲೆ ಅಂತ ತೀರ್ಮಾನ ಮಾಡಿದೆ. ಒಂದು ಪೈ ಡಿಶ್, ಮಿಕ್ಕಿದ್ದು ಲೋಟಗಳಲ್ಲಿ. ಬೀನ್ಸ್ ಮನೆಯಲ್ಲೇ ಬೇಯಿಸುತ್ತೇನೆ. ಎಳ್ಳಿನ ವಿಷಯ ಆ ತಾಯಿಗೆ ಮೆಸೇಜ್ ಮಾಡಿದ್ದೇನೆ. ಕೊನೆಯ ಪ್ರಶ್ನೆ: ಗ್ಯಾರೇಜಿನಲ್ಲಿ ಎಷ್ಟು ಹೊತ್ತು ಹೊರಗಿಡಬಹುದು? ಇಲ್ಲಿ ಅಕ್ಟೋಬರ್ ಕೊನೆಯಲ್ಲೂ ಒಮ್ಮೊಮ್ಮೆ ಸೆಕೆ ಇರುತ್ತದೆ.

ಶಿಕಾಗೊ ಕಡೆಯವರು

ಎರಡು ಗಂಟೆ. ಅಮೆರಿಕದ ಕೃಷಿ ಇಲಾಖೆ ಹೇಳುವ ಲೆಕ್ಕ ಅದು, 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಒಂದೇ ಗಂಟೆ. ದೊಡ್ಡ ತಟ್ಟೆಯಲ್ಲಿ ಐಸ್ ಹರಡಿ ಅದರ ಮೇಲೆ ಪಾತ್ರೆ ಇಡಿ. ಒಂದು ಡಿಶ್ ಬದಲು ಎರಡು ಮಾಡಿ, ಒಂದು ಖಾಲಿಯಾದ ಮೇಲೆ ಇನ್ನೊಂದನ್ನು ಫ್ರಿಜ್ಜಿನಿಂದ ತೆಗೆದರೆ ಇನ್ನೂ ಒಳ್ಳೆಯದು. ಚಿಪ್ಸ್ ನೀಲಿ ಜೋಳದ್ದು ತನ್ನಿ, ಅದರ ಕಡು ಬಣ್ಣ ಈ ಹಬ್ಬಕ್ಕೆ ಹೊಂದುತ್ತದೆ. ದಪ್ಪ ಇರುವುದನ್ನೇ ನೋಡಿ ತನ್ನಿ, ಪ್ಯಾಕೆಟ್ ಅಲ್ಲಿಗೆ ಹೋದ ಮೇಲೆ ಒಡೆಯಿರಿ. ಹಸಿಮೆಣಸಿನಕಾಯಿ ಬೇರೆ ಬಟ್ಟಲಲ್ಲಿ.